ಜೀನು ಕಂಡರೆ ಬೆದರುವ ಮೂರು ವರ್ಷದ ಕುದುರೆ: ಈಗೇನು ಮಾಡಬೇಕು?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದೊಂದು ಕಾಫಿ ತೋಟ. ಹೋದ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಸಾರಂಗಖೇಡಾ ಜಾತ್ರೆಯಿಂದ ಮಾರ್ವಾರಿ ತಳಿಯ ಹೆಣ್ಣು ಕುದುರೆಯೊಂದನ್ನು ತಂದೆವು. ಗೌರಿ ಎಂದು ಕರೆಯುತ್ತೇವೆ. ಈಗ ಮೂರು ವರ್ಷ. ಬಲು ಸೂಕ್ಷ್ಮ, ಸ್ಪ್ರಿಂಕ್ಲರ್ ತಿರುಗುವ ಸದ್ದಿಗೂ ಬೆಚ್ಚುತ್ತದೆ. ಆದರೆ ಮನೆಯವರನ್ನೆಲ್ಲ ಗುರುತಿಸುತ್ತದೆ, ಹೆಸರು ಕೂಗಿದರೆ ಬರುತ್ತದೆ. ಏಪ್ರಿಲ್‌ನಲ್ಲಿ, ಮದುವೆ ಮೆರವಣಿಗೆಗೆ ಕುದುರೆ ಕೊಡುವ ಒಬ್ಬರನ್ನು ಕರೆಸಿ ಜೀನು ಹಾಕಿಸಿದೆವು. ಅವರು ಸಿಲ್ವರ್ ಓಕ್ ಮರಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟಿ ಜೀನು ಹೇರಿದರು. ಮೂರು ದಿನವೂ ಗೌರಿ ಅಲುಗದೆ ನಿಂತಿತು. ‘ಒಪ್ಪಿಕೊಂಡಿದೆ’ ಎಂದರು. ನಾಲ್ಕನೆಯ ದಿನ ಅವರು ಹತ್ತಿ ಎರಡು ಹೆಜ್ಜೆ ನಡೆಸಿದ್ದೇ ತಡ, ಬೆನ್ನು ಉಬ್ಬಿಸಿ ಹಾರಿ ಅವರನ್ನು ಕೆಡವಿ ತೋಟದೊಳಗೆ ನುಗ್ಗಿತು. ಜೀನು ಹೊಟ್ಟೆಯಡಿಗೆ ಜಾರಿತ್ತು. ಹಿಡಿಯುವಷ್ಟರಲ್ಲಿ ಸಂಜೆಯಾಯಿತು. ಈಗ ಜೀನಿನ ಕೆಳಗೆ ಹಾಸುವ ಗಾದಿಯನ್ನು ಕಂಡರೂ ಹಿಂದೆ ಸರಿಯುತ್ತದೆ. ಬಂದವರು ಹೇಳುವುದು ಇಷ್ಟು: ಮೈಮೇಲಿನ ಕೂದಲ ಸುಳಿ ಸರಿಯಿಲ್ಲ, ಎರಡನೇ ವರ್ಷಕ್ಕೇ ಹತ್ತಬೇಕಿತ್ತು, ತಡವಾಯಿತು, ಮುಳ್ಳಿನ ಕಡಿವಾಣ ಹಾಕಿ ಉತ್ತ ಗದ್ದೆಯಲ್ಲಿ ಸುಸ್ತಾಗುವವರೆಗೆ ಓಡಿಸಿದರೆ ದಾರಿಗೆ ಬರುತ್ತದೆ. ನನ್ನ ಮಗನಿಗೆ ಹದಿನೇಳು, 62 ಕಿಲೋ ತೂಗುತ್ತಾನೆ. ಪೋರ್ಚುಗಲ್‌ನ ಲುಸಿಟಾನೊ ಕುದುರೆಗಳ ವಿಡಿಯೋ ನೋಡಿ, ‘ಅವೂ ಇಷ್ಟೇ ಸೂಕ್ಷ್ಮ, ಮೂರನೇ ವರ್ಷಕ್ಕೆ ಹತ್ತುತ್ತಾರೆ, ನಾನೇ ಪಳಗಿಸುತ್ತೇನೆ’ ಎನ್ನುತ್ತಾನೆ. ಮನೆಯವರು ಮಾರಿಬಿಡಿ ಎನ್ನುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ನೀವು ಕೇಳಿರುವುದು ಜೀನಿನ ವಿಷಯ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಬೇರೆ ಮೂರು ಚಿಂತೆಗಳು: ತಂದ ಕುದುರೆ ಕೆಟ್ಟದ್ದೇ, ನಾವೇ ಅದನ್ನು ಕೆಡಿಸಿದೆವೇ, ಮಗನಿಗೆ ಏನಾದರೂ ಆದರೆ? ಮೊದಲು ಇವಕ್ಕೆ ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದದ್ದರಲ್ಲಿ ಕೆಟ್ಟ ಕುದುರೆಯ ಲಕ್ಷಣ ಒಂದೂ ಇಲ್ಲ. ಆದ ಹಾನಿ ತಿದ್ದಬಹುದಾದದ್ದು, ಆದರೆ ವಾರಗಳಲ್ಲಿ ಅಲ್ಲ, ತಿಂಗಳುಗಳಲ್ಲಿ. ಮಗ ಈ ವರ್ಷ ಅದರ ಬೆನ್ನೇರಬಾರದು. ಮುಳ್ಳಿನ ಕಡಿವಾಣವನ್ನು ನಿಮ್ಮ ಗೇಟಿನೊಳಗೆ ಬಿಡಬೇಡಿ.

ಮೂರು ದಿನ ಅಲುಗದೆ ನಿಂತಿತು ಎಂದಿರಲ್ಲ, ಎಲ್ಲದರ ಬೇರು ಅಲ್ಲಿದೆ. ಕುದುರೆ ಓಡಿ ಬದುಕುವ ಪ್ರಾಣಿ. ಭಯವಾದಾಗ ಅದರ ಮೊದಲ ಉತ್ತರ ಓಟ. ಗಿಡ್ಡ ಹಗ್ಗದಲ್ಲಿ ಮರಕ್ಕೆ ಕಟ್ಟಿದಾಗ ಆ ಉತ್ತರ ಕೈತಪ್ಪುತ್ತದೆ. ಆಗ ಎರಡನೆಯದು ಬರುತ್ತದೆ: ಮರಗಟ್ಟಿ ನಿಲ್ಲುವುದು. ಹೊರಗಿನಿಂದ ನೋಡುವವರಿಗೆ ಇದು ಶಾಂತವಾಗಿ ನಿಂತಂತೆಯೇ ಕಾಣುತ್ತದೆ. ಎಳೆ ಕುದುರೆಗಳ ಕೆಲಸದಲ್ಲಿ ನಾನು ಕಂಡ ಅಪಘಾತಗಳಲ್ಲಿ ಹೆಚ್ಚಿನವು, ಮೊದಲ ದಿನವೇ ಕುಣಿದು ರಂಪ ಮಾಡಿದ ಕುದುರೆಗಳಿಂದ ಆದವಲ್ಲ. ‘ಎಷ್ಟು ಚೆನ್ನಾಗಿ ನಿಂತಿದೆ ನೋಡಿ’ ಎಂದು ಎಲ್ಲರೂ ಮೆಚ್ಚಿದ ಕುದುರೆಗಳಿಂದ ಆದವು.

ವ್ಯತ್ಯಾಸವನ್ನು ಗುರುತಿಸಬಹುದು. ಒಪ್ಪಿ ನಿಂತ ಕುದುರೆ ಕಣ್ಣು ಮಿಟುಕಿಸುತ್ತದೆ, ಒಂದು ಹಿಂಗಾಲಿಗೆ ವಿಶ್ರಾಂತಿ ಕೊಡುತ್ತದೆ, ಕಿವಿಗಳನ್ನು ಆಚೀಚೆ ತಿರುಗಿಸುತ್ತದೆ, ಮುಂದೆ ಹಿಡಿದ ಹುಲ್ಲನ್ನು ಜಗಿಯುತ್ತದೆ. ಮರಗಟ್ಟಿದ ಕುದುರೆಯ ಕಣ್ಣು ಒಂದೇ ಕಡೆ ನೆಟ್ಟಿರುತ್ತದೆ, ಮೂಗಿನ ಹೊಳ್ಳೆಯ ಮೇಲೆ ಸಣ್ಣ ನೆರಿಗೆ ಮೂಡಿರುತ್ತದೆ, ಕೆಳತುಟಿ ಬಿಗಿದಿರುತ್ತದೆ, ಬಾಲ ಒಳಕ್ಕೆ ಒತ್ತಿರುತ್ತದೆ, ಉಸಿರು ಮೇಲುಮೇಲಕ್ಕೆ ಆಡುತ್ತಿರುತ್ತದೆ. ಹುಲ್ಲು ಕೊಟ್ಟರೆ ಬಾಯಲ್ಲಿ ಹಿಡಿದುಕೊಂಡು ಜಗಿಯದೆ ನಿಲ್ಲುತ್ತದೆ. ಸಂಶಯವಿದ್ದರೆ ಎಡ ಮುಂಗಾಲಿನ ಮೊಣಕೈ ಹಿಂದೆ, ಎದೆಗೂಡಿಗೆ ಅಂಗೈ ಒತ್ತಿ ಹಿಡಿಯಿರಿ. ಹೃದಯದ ಬಡಿತ ಕೈಗೆ ಸಿಗುತ್ತದೆ. ಸಿಗದಿದ್ದರೆ ಸಾಧಾರಣ ಸ್ಟೆತಸ್ಕೋಪ್ ಸಾಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ವಿಶ್ರಾಂತಿಯಲ್ಲಿರುವ ಕುದುರೆಗೆ ನಿಮಿಷಕ್ಕೆ 28ರಿಂದ 44 ಬಡಿತ ಸಹಜ. ಒಂದು ಹೆಜ್ಜೆಯನ್ನೂ ಇಡದೆ ನಿಂತ ಕುದುರೆಯ ಬಡಿತ 70, 80 ಇದ್ದರೆ ಅದು ನಿಂತಿಲ್ಲ, ಮನಸ್ಸಿನೊಳಗೆ ಓಡುತ್ತಿದೆ.

ಇನ್ನೊಂದು ಸಂಗತಿಯನ್ನು ಗಮನಿಸಿ. ಆ ಮೂರು ದಿನಗಳಲ್ಲಿ ಗೌರಿ ಜೀನು ಹೊತ್ತು ನಡೆದೇ ಇರಲಿಲ್ಲ. ನಿಂತಾಗ ಬೆನ್ನ ಮೇಲಿರುವ ಜೀನೇ ಬೇರೆ, ನಡೆಯುವಾಗ ಇರುವ ಜೀನೇ ಬೇರೆ. ನಡೆದಾಗ ಪಕ್ಕೆ ಹಿಗ್ಗಿ ಹೊಟ್ಟೆಪಟ್ಟಿ ಬಿಗಿಯುತ್ತದೆ, ಸವಾರ ಕಾಲಿಡುವ ರಿಕಾಪುಗಳು ತೂಗಿ ಪಕ್ಕೆಗೆ ಬಡಿಯುತ್ತವೆ, ಚರ್ಮ ಕಿರುಗುಟ್ಟುತ್ತದೆ. ಇವೆಲ್ಲ ಮೊದಲ ಬಾರಿಗೆ ಆದದ್ದು, ಮೇಲೊಬ್ಬ ಮನುಷ್ಯನೂ ಇದ್ದ ಆ ಎರಡು ಹೆಜ್ಜೆಗಳಲ್ಲಿ. ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗಳಲ್ಲಿರುವುದರಿಂದ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಹಾಗಾಗಿ ಸವಾರ ಕುಳಿತೊಡನೆ ಎರಡೂ ಕಣ್ಣುಗಳ ಹಿಂಬದಿಯಲ್ಲಿ ಎಂದೂ ಕಾಣದ ಆಕೃತಿಯೊಂದು ಎದ್ದು ನಿಂತಿತು. ಆಮೇಲೆ ಜೀನು ಹೊಟ್ಟೆಯಡಿಗೆ ಜಾರಿ, ಎಷ್ಟು ಓಡಿದರೂ ಬೆನ್ನು ಬಿಡದೆ ಕಾಲಿಗೆ ಬಡಿಯಿತು. ಹೀಗಾದ ಮೇಲೂ ಗಾದಿ ಕಂಡು ಅದು ಬರೀ ಹಿಂದೆ ಸರಿಯುತ್ತದೆ, ಒದೆಯಲು ಬರುವುದಿಲ್ಲ. ನನಗೆ ಇದರಲ್ಲೇ ಭರವಸೆ ಕಾಣುತ್ತದೆ.

ಈಗ ಬಂದವರು ಹೇಳಿದ ಮಾತುಗಳಿಗೆ ಬರೋಣ. ಸುಳಿಯ ನಂಬಿಕೆ ದನಗಳ ವಿಷಯದಲ್ಲೂ ನಮ್ಮಲ್ಲಿದೆ, ಮಾರ್ವಾರಿ ವ್ಯಾಪಾರದಲ್ಲಂತೂ ಬೆಲೆಯನ್ನೇ ಏರಿಳಿಸುತ್ತದೆ. ನಿಮ್ಮ ಹಿರಿಯರ ನಂಬಿಕೆಯನ್ನು ನಾನು ಹಳಿಯುವುದಿಲ್ಲ. ಆದರೆ ಗೌರಿ ಹಾರಿದ್ದಕ್ಕೆ ಕಾರಣ ಹುಡುಕಲು ಸುಳಿಯವರೆಗೆ ಹೋಗಬೇಕಾಗಿಲ್ಲ. ಕಾರಣಗಳು ಕಣ್ಣೆದುರಿಗೇ ಇವೆ. ‘ಒಳ್ಳೆಯ ಸುಳಿ’ಯ ಕುದುರೆಯನ್ನು ಹೀಗೆ ಕಟ್ಟಿ ಹತ್ತಿದ್ದರೂ ಇದೇ ಆಗುತ್ತಿತ್ತು.

ಸುಸ್ತು ಮಾಡಿಸುವ ಉಪಾಯ ಬಹಳ ಹಳೆಯದು, ಬಹಳ ಕಡೆ ನಡೆಯುವಂಥದು. ಸುಸ್ತಾದ ಕುದುರೆ ಎದುರಾಡುವುದಿಲ್ಲ ಎಂಬುದೂ ನಿಜ. ಆದರೆ ಸುಸ್ತಾದ ಕುದುರೆ ಕಲಿಯುವುದೂ ಇಲ್ಲ. ಕೈಸೋತು ಬಿಟ್ಟುಕೊಡುತ್ತದೆ ಅಷ್ಟೇ. ಭಯ ಇದ್ದಲ್ಲೇ ಇರುತ್ತದೆ. ದಿನವೂ ಹೀಗೆ ಓಡಿಸಿದರೆ ಕೆಲವೇ ವಾರಗಳಲ್ಲಿ ಅದರ ದಮ್ಮು ಬೆಳೆಯುತ್ತದೆ, ಮೊದಲು ಅರ್ಧ ಗಂಟೆಗೆ ಸೋಲುತ್ತಿದ್ದದ್ದು ಒಂದು ಗಂಟೆಗೂ ಸೋಲುವುದಿಲ್ಲ. ಉತ್ತ ಗದ್ದೆಯ ಸಡಿಲ ಮಣ್ಣಿನಲ್ಲಿ ಎಳೆ ಕುದುರೆಯ ಮುಂಗಾಲಿನ ಸ್ನಾಯುರಜ್ಜು ಉಳುಕಿದರೆ ಆರು ತಿಂಗಳು, ಕೆಲವೊಮ್ಮೆ ವರ್ಷ, ಲಾಯದಲ್ಲೇ ಕಳೆಯಬೇಕು.

ಮುಳ್ಳಿನ ಕಡಿವಾಣದ ವಿಷಯದಲ್ಲಿ ನನಗೆ ತಾಳ್ಮೆಯಿಲ್ಲ. ನಾಲಿಗೆ, ತುಟಿಯಂಚು, ಹಲ್ಲಿಲ್ಲದ ವಸಡಿನ ಮೂಳೆ, ಇವು ಕುದುರೆಯ ದೇಹದ ಅತಿ ನವಿರಾದ ಜಾಗಗಳು. ಅಲ್ಲಿ ಗಾಯ ಮಾಡಿ ನಿಲ್ಲಿಸಿದ ಕುದುರೆ ನೋವಿನಿಂದ ನಿಲ್ಲುತ್ತದೆ. ಒಂದು ದಿನ ಆ ನೋವಿಗಿಂತ ದೊಡ್ಡ ಭಯ ಎದುರಾದಾಗ ಯಾವ ಕಡಿವಾಣವೂ ಅದನ್ನು ಹಿಡಿಯುವುದಿಲ್ಲ. ದುಡಿಮೆಯ ಮತ್ತು ಹೇರಿನ ಪ್ರಾಣಿಗಳ ಕುರಿತ 1965ರ ಕೇಂದ್ರ ನಿಯಮಗಳು ಮುಳ್ಳಿರುವ ಕಡಿವಾಣವನ್ನು ನಿಷೇಧಿಸಿಯೂ ಇವೆ.

ನಿಮ್ಮ ಮಗ ನೋಡುವ ಲುಸಿಟಾನೊಗಳ ವಿಷಯ. ಹುಡುಗ ಹೋಲಿಸಿದ್ದರಲ್ಲಿ ಅರ್ಥವಿದೆ. ಪೋರ್ಚುಗಲ್, ಸ್ಪೇನ್ ದೇಶಗಳ ತಳಿಗಳು ಶತಮಾನಗಳ ಕಾಲ ದನ ಅಟ್ಟಲು, ಗೂಳಿಯೆದುರು ಸವಾರನನ್ನು ಹೊತ್ತು ತಿರುಗಲು, ಯುದ್ಧಕ್ಕೆ ಬೆಳೆದವು. ಸವಾರ ಸೊಂಟ ತಿರುಗಿಸಿದರೆ ಸಾಕು, ಅವು ತಿರುಗಬೇಕಿತ್ತು. ಸ್ಪೇನ್‌ನ ದೊರೆ ಎರಡನೇ ಫಿಲಿಪ್ 1567ರಲ್ಲಿ ಕಾರ್ಡೋಬಾದಲ್ಲಿ ಅರಸು ಲಾಯ ಕಟ್ಟಿಸಿದ್ದು, ಪೋರ್ಚುಗಲ್‌ನ ಐದನೇ ಜುವಾವ್ 1748ರಲ್ಲಿ ಆಲ್ಟರ್ ಅಶ್ವಶಾಲೆ ತೆರೆದದ್ದು ಇಂಥ ಚುರುಕಿನ ಕುದುರೆಗಳಿಗಾಗಿ. ನಮ್ಮ ಮಾರ್ವಾರಿಯೂ ಮಾರವಾಡದ ರಾಠೋಡರ ಯುದ್ಧದ ಕುದುರೆ. ಎರಡೂ ಬೇಗ ಕಲಿಯುತ್ತವೆ. ತಪ್ಪು ಪಾಠವನ್ನೂ ಅಷ್ಟೇ ಬೇಗ ಕಲಿಯುತ್ತವೆ. ಒಮ್ಮೆ ನಡೆದದ್ದನ್ನು ಮರೆಯುವುದಿಲ್ಲ.

ಆದರೆ ವಿಡಿಯೋದಲ್ಲಿ ಕಾಣುವುದು ಫಲ; ಬೇಸಾಯ ಕಾಣುವುದಿಲ್ಲ. ಒಳ್ಳೆಯ ಅಶ್ವಶಾಲೆಯಲ್ಲಿ ಮೂರನೇ ವರ್ಷಕ್ಕೆ ಬೆನ್ನೇರುವ ಲುಸಿಟಾನೊ ಅಷ್ಟರಲ್ಲಿ ಮನುಷ್ಯರ ಕೈಯಲ್ಲಿ ತಿಂಗಳುಗಟ್ಟಲೆ ಪಳಗಿರುತ್ತದೆ, ಮೇಲೆ ಕೂರುವವರು ಹಗುರವಾದ ನುರಿತ ಸವಾರರು, ಕೂರುವುದು ನಿಮಿಷಗಳ ಲೆಕ್ಕದಲ್ಲಿ. ಸ್ಪೇನ್ ಮೂಲದ ಕುದುರೆಗಳಿಂದಲೇ ಬೆಳೆದ ಲಿಪಿಜ್ಜಾನರ್ ತಳಿಗೆ ವಿಯೆನ್ನಾದ ಹೆಸರಾಂತ ಸವಾರಿ ಶಾಲೆಯಲ್ಲಿ ತರಬೇತಿ ಶುರುವಾಗುವುದು ನಾಲ್ಕನೇ ವರ್ಷದ ಆಸುಪಾಸಿನಲ್ಲಿ, ಮುಗಿಯಲು ಮತ್ತೆ ಹಲವು ವರ್ಷ. ಅಲ್ಲಿನದೆಲ್ಲ ಒಳ್ಳೆಯದೆಂದೂ ತಿಳಿಯಬೇಡಿ. ಸ್ಪೇನ್‌ನಲ್ಲಿ ಮೂಗಿನ ಮೇಲೆ ಹಲ್ಲುಗಳಿರುವ ಲೋಹದ ಪಟ್ಟಿ ಕಟ್ಟುವ ಪದ್ಧತಿ ಬಹುಕಾಲದಿಂದ ಬಂದಿದೆ. ಅದರ ಗಾಯದ ಗುರುತನ್ನು ಮುಖದ ಮೇಲೆ ಹೊತ್ತ ಕುದುರೆಗಳು ಇಂದಿಗೂ ಕಾಣಸಿಗುತ್ತವೆ.

ತಡವಾಯಿತೇ? ಇಲ್ಲ. ಎಳೆ ಕುದುರೆಯ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಮೃದ್ವಸ್ಥಿ ಇರುತ್ತದೆ. ಅದು ಗಟ್ಟಿ ಮೂಳೆಯಾಗುವುದು ಕೆಳಗಿನಿಂದ ಮೇಲಕ್ಕೆ. ಗೊರಸಿನ ಬಳಿಯ ಮೂಳೆಗಳು ಮೊದಲ ವರ್ಷದ ಹೊತ್ತಿಗೇ ಕೂಡಿಕೊಳ್ಳುತ್ತವೆ, ಮುಂಗಾಲಿನ ಮಂಡಿಯ ಮೇಲಿನದು ಎರಡೂವರೆ ವರ್ಷದ ಸುಮಾರಿಗೆ, ಹೆಗಲು ಮತ್ತು ಸೊಂಟದ ಮೂಳೆಗಳು ಮೂರೂವರೆ ದಾಟಿದ ಮೇಲೆ. ಎಲ್ಲಕ್ಕಿಂತ ಕೊನೆಗೆ ಬೆನ್ನುಮೂಳೆ. ಅದಕ್ಕೆ ಐದೂವರೆ ವರ್ಷವೋ ಇನ್ನೂ ಹೆಚ್ಚೋ ಬೇಕು. ನಾವು ಜೀನು ಇಡುವುದು ಅದರ ಮೇಲೆಯೇ. ಹಾಗೆಂದು ಆರು ವರ್ಷದವರೆಗೆ ಮುಟ್ಟಬಾರದೆಂದಲ್ಲ. ಎಳವೆಯಲ್ಲಿ ಓಡಾಟ ಬೇಕೇ ಬೇಕು, ಮೂಳೆ ಗಟ್ಟಿಯಾಗುವುದು ಅದರಿಂದ. ಬೇಡದ್ದು ದೊಡ್ಡ ಭಾರ, ದೀರ್ಘ ಸವಾರಿ ಮತ್ತು ಬಿಗಿ ವೃತ್ತಗಳು.

ಭಾರದ ಲೆಕ್ಕವನ್ನು ಮನೆಯಲ್ಲೇ ಮಾಡಿ. ದರ್ಜಿಯ ಟೇಪಿನಿಂದ ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ, ಹೆಗಲಿನ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗೆ ಉದ್ದ ಅಳೆಯಿರಿ, ಎರಡೂ ಸೆಂಟಿಮೀಟರ್‌ನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ತೂಕ ಕಿಲೋದಲ್ಲಿ ಅಂದಾಜಾಗುತ್ತದೆ. ಸುತ್ತಳತೆ 160, ಉದ್ದ 155 ಇದ್ದರೆ ಸುಮಾರು 334 ಕಿಲೋ. ಬಲಿತ, ಪಳಗಿದ ಕುದುರೆಗೆ ಜೀನೂ ಸೇರಿ ದೇಹತೂಕದ ಶೇ 20 ಮೀರಬಾರದೆಂಬುದು ಸಾಮಾನ್ಯ ಮಿತಿ. ಎಳೆಯದಕ್ಕೆ ನಾನು ಶೇ 15 ದಾಟುವುದಿಲ್ಲ. ಅಂದರೆ 50 ಕಿಲೋ, ಅದರಲ್ಲಿ ಜೀನಿನದೇ 8-9. ನಿಮ್ಮ ಮಗ 62 ಕಿಲೋ. ಧೈರ್ಯ, ಪ್ರೀತಿ ಎಷ್ಟಿದ್ದರೂ ಮೊದಲ ಸವಾರ ಅವನಾಗಬಾರದು ಎನ್ನಲು ಈ ಲೆಕ್ಕವೇ ಸಾಕು.

ಮುಂದಿನ ಹೆಜ್ಜೆಗೆ ಮುನ್ನ ಪಶುವೈದ್ಯರಿಗೆ ತೋರಿಸಿ. ನಿಮ್ಮೂರಿನ ವೈದ್ಯರಿಗೆ ಕುದುರೆಯ ಅಭ್ಯಾಸ ಕಡಿಮೆ ಎನಿಸಿದರೆ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಕಸಿ ಮಾಡಿದ (ಕೊಂಬೆ ಸವರಿದ) ಕಾಫಿ ಗಿಡಗಳ ಮೊನಚು ಬುಡಗಳ ನಡುವೆ ಓಡಿದ ಕುದುರೆ ಅದು. ಚಿಕ್ಕ ತರಚುಗಾಯದಿಂದಲೂ ಧನುರ್ವಾಯು ಬರಬಹುದು, ಕುದುರೆಗಳಿಗೆ ಅದು ತಗುಲುವುದು ಬಹಳ ಸುಲಭ; ಲಸಿಕೆ ಆಗಿದೆಯೇ ಖಚಿತಪಡಿಸಿಕೊಳ್ಳಿ. ಬೆನ್ನು ಮತ್ತು ಪಕ್ಕೆಗಳನ್ನು ಬೆರಳೊತ್ತಿ ನೋಡಿಸಿ. ಬಾಯಿ ನೋಡಿಸಿ: ಎರಡೂವರೆಯಿಂದ ನಾಲ್ಕೂವರೆ ವರ್ಷದವರೆಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲ, ವಸಡು ನೋಯುತ್ತಿರುತ್ತದೆ. ದವಡೆ ಹಲ್ಲುಗಳ ಮುಂದೆ ಕೆಲವಕ್ಕೆ ಕಡಲೆಯಷ್ಟು ಸಣ್ಣ ಹಲ್ಲೊಂದು ಇರುತ್ತದೆ, ಕಡಿವಾಣ ಅದಕ್ಕೆ ತಗುಲಿದರೆ ತಲೆ ಎತ್ತಿ ಒದರುತ್ತದೆ. ನನ್ನ ಸಲಹೆ, ನಾಲ್ಕು ತುಂಬುವವರೆಗೆ ಕಡಿವಾಣವೇ ಬೇಡ. ಬಾಯೊಳಗೆ ಲೋಹವಿಲ್ಲದ ಮೆತ್ತನೆಯ ತಲೆಪಟ್ಟಿ (ಹಾಲ್ಟರ್) ಸಾಕು. ಏಪ್ರಿಲ್‌ನಲ್ಲಿ ಬಂದ ಮೆರವಣಿಗೆ ಕುದುರೆಯವರು ಹಾಕಿದ ಜೀನು ಅವರ ದೊಡ್ಡ ಕುದುರೆಯದೇ ಇರಬೇಕು. ಅದು ಹೊಟ್ಟೆಯಡಿಗೆ ಜಾರಿದ್ದಕ್ಕೆ ಅಳತೆ ತಪ್ಪಿದ್ದೂ ಒಂದು ಕಾರಣ.

ಮೇವಿನ ವಿಷಯ ನೀವು ಬರೆದಿಲ್ಲ. ನಮ್ಮ ಕಡೆ ಹೊಸದಾಗಿ ಕುದುರೆ ಸಾಕಿದವರು ಬೇಯಿಸಿದ ಹುರುಳಿಯನ್ನು ಪ್ರೀತಿಯಿಂದ ತುಂಬಿ ತುಂಬಿ ಕೊಟ್ಟು, ದಿನವಿಡೀ ಕಟ್ಟಿಹಾಕುವುದನ್ನು ನೋಡಿದ್ದೇನೆ. ಹುರುಳಿ ಕೆಟ್ಟದ್ದಲ್ಲ. ಕೆಲಸವಿಲ್ಲದ ಎಳೆ ಕುದುರೆಗೆ ಕಾಳು, ತೌಡು ಹೆಚ್ಚಾದರೆ ಬೆಚ್ಚುವಿಕೆ ಹೆಚ್ಚುತ್ತದೆ. ಅದರ ಮುಖ್ಯ ಆಹಾರ ಹುಲ್ಲು: ದೇಹತೂಕದ ಶೇ ಒಂದೂವರೆಯಿಂದ ಎರಡು, ಅಂದರೆ ಗೌರಿಗೆ ದಿನಕ್ಕೆ ಐದರಿಂದ ಏಳು ಕಿಲೋ ಒಣಹುಲ್ಲಿನಷ್ಟು. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಇಡೀ ದಿನ ಸ್ರವಿಸುತ್ತದೆ, ಅದನ್ನು ತಣಿಸುವ ಜೊಲ್ಲು ಬರುವುದು ಜಗಿಯುವಾಗ ಮಾತ್ರ. ಗಂಟೆಗಟ್ಟಲೆ ಖಾಲಿ ಹೊಟ್ಟೆಯಲ್ಲಿದ್ದರೆ ಹುಣ್ಣಾಗುತ್ತದೆ, ಹುಣ್ಣಾದ ಕುದುರೆ ಹೊಟ್ಟೆಪಟ್ಟಿ ಬಿಗಿದೊಡನೆ ಕಚ್ಚಲು ತಿರುಗುತ್ತದೆ. ಕೆಲಸಕ್ಕೆ ಮುಂಚೆ ಒಂದೆರಡು ಹಿಡಿ ಹುಲ್ಲು ತಿನ್ನಿಸುವುದು ಒಳ್ಳೆಯದು. ಸಾಧ್ಯವಾದರೆ ವಯಸ್ಸಾದ ಸಾಧು ಕುದುರೆಯೊಂದನ್ನು ಜೊತೆಗೆ ತನ್ನಿ. ಒಂಟಿ ಕುದುರೆಗೆ ಕಾವಲು ಕಾಯುವ ಕೆಲಸ ಹಗಲೂ ರಾತ್ರಿಯೂ ಮುಗಿಯುವುದಿಲ್ಲ.

ಇನ್ನು ಗಾದಿ. ಮಳೆಗಾಲ ಹಿಡಿಯುವ ಮುಂಚೆ ಇಷ್ಟನ್ನು ಶುರುಮಾಡಿ, ಮಳೆಗಾಲದುದ್ದಕ್ಕೂ ಲಾಯದೊಳಗೇ ನಡೆಸಬಹುದು. ಗೌರಿಯನ್ನು ಕಟ್ಟಬೇಡಿ. ಹಗ್ಗ ಸಡಿಲವಾಗಿ ಕೈಯಲ್ಲಿರಲಿ, ಕೈಗೆ ಸುತ್ತಿಕೊಳ್ಳುವುದಂತೂ ಬೇಡವೇ ಬೇಡ. ಗಾದಿಯನ್ನು ಮಡಿಸಿ ಚಿಕ್ಕದು ಮಾಡಿ, ಗೌರಿ ಹಿಂದೆ ಸರಿಯುವ ದೂರಕ್ಕಿಂತ ಎರಡು ಮಾರು ಆಚೆಯೇ ನಿಲ್ಲಿ. ಅಲ್ಲಿಂದ ಒಂದು ಹೆಜ್ಜೆ ಮುಂದಿಡಿ. ಅದರ ಕುತ್ತಿಗೆ ಬಿಗಿಯುವ ಮೊದಲೇ, ಅಂದರೆ ಕಿವಿ ನೆಟ್ಟಗಾಗಿ ಉಸಿರು ನಿಂತಿತು ಎನ್ನುವ ಕ್ಷಣದಲ್ಲಿ ನೀವೂ ನಿಲ್ಲಿ. ಮುಂದೆ ಹೋಗಬೇಡಿ, ಹಿಂದೆಯೂ ಸರಿಯಬೇಡಿ. ಕಾಯಿರಿ. ಕಣ್ಣು ಮಿಟುಕುತ್ತದೆ, ಉಸಿರು ಹೊರಬರುತ್ತದೆ, ತಲೆ ಒಂದು ಬೆರಳಿನಷ್ಟು ತಗ್ಗುತ್ತದೆ. ಆಗ, ಸರಿಯಾಗಿ ಆಗಲೇ, ಗಾದಿಯನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ. ‘ನಾನು ಸಡಿಲಗೊಂಡರೆ ಅದು ದೂರ ಹೋಗುತ್ತದೆ’ ಎಂಬ ಲೆಕ್ಕ ಗೌರಿಯ ತಲೆಗೆ ಹತ್ತಬೇಕು. ಅದು ಹಿಂದೆ ಸರಿದಾಗ ನೀವು ಗಾದಿ ತೆಗೆದರೆ ಅದು ಕಲಿಯುವುದು ಹಿಂದೆ ಸರಿಯುವುದನ್ನೇ. ಇಡೀ ಕೆಲಸದ ಗುಟ್ಟು ಈ ಅರ್ಧ ಸೆಕೆಂಡಿನಲ್ಲಿದೆ; ಸೂಕ್ಷ್ಮ ಕುದುರೆ ಅದನ್ನು ತಪ್ಪದೆ ಗಮನಿಸುತ್ತದೆ.

ಹೀಗೆ ದೂರ ಕಡಿಮೆಯಾಗುತ್ತ ಬಂದು ಒಂದು ದಿನ ಅದೇ ಮೂಗು ಚಾಚಿ ಗಾದಿಯನ್ನು ಮೂಸುತ್ತದೆ. ಆಮೇಲೆ ಗಾದಿಯಿಂದ ಕುತ್ತಿಗೆಯ ಕೇಸರ (ಉದ್ದ ಕೂದಲು) ಮುಗಿಯುವಲ್ಲಿನ ಹೆಗಲುದಿಬ್ಬವನ್ನು ಉಜ್ಜಿ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದು. ಅಲ್ಲಿ ಕೆರೆದರೆ ಹೃದಯಬಡಿತ ಇಳಿಯುತ್ತದೆ. ಮೇಲ್ದುಟಿ ಮುಂದಕ್ಕೆ ಚಾಚಿ ಅಲುಗಾಡತೊಡಗಿದರೆ ಸರಿಯಾದ ಜಾಗ ಸಿಕ್ಕಿತೆಂದು ಅರ್ಥ. ಎರಡೂ ಬದಿಯಿಂದ ಇದನ್ನೆಲ್ಲ ಮಾಡಿ. ಒಂದು ಕಣ್ಣು ಕಂಡದ್ದು ಕುದುರೆಯ ಇನ್ನೊಂದು ಕಣ್ಣಿಗೆ ತಿಳಿಯುವುದಿಲ್ಲ ಎಂಬ ಮಾತು ನಿಜವಲ್ಲ. ಆದರೆ ಬಲದಿಂದ ಬರುವ ಗಾದಿ ಎಡದಿಂದ ಬಂದಂತೆ ಕಾಣುವುದಿಲ್ಲ. ದಿನಕ್ಕೆ ಹತ್ತು ನಿಮಿಷ ಸಾಕು. ಗೌರಿ ಇನ್ನೂ ಮಾಡಲು ಸಿದ್ಧವಿದೆ ಎನ್ನುವಾಗಲೇ ನಿಲ್ಲಿಸಿ. ಮಳೆಗಾಲದಲ್ಲಿ ಏಕಾಏಕಿ ಕಾಲು ಝಾಡಿಸಿದರೆ ಮೊದಲು ಇಂಬಳ (ಜಿಗಣೆ) ಹತ್ತಿದೆಯೇ ನೋಡಿ, ಗದರಬೇಡಿ.

ಗಾದಿ ಬೆನ್ನ ಮೇಲೆ ನೆಮ್ಮದಿಯಾಗಿ ಕೂತ ಮೇಲೆ ಅದನ್ನು ಹೊತ್ತು ನಡೆಸಿ. ಆಮೇಲೆ ಅಗಲವಾದ ಮೆತ್ತನೆಯ ಪಟ್ಟಿ, ಒಂದೊಂದೇ ತೂತು ಬಿಗಿಯುತ್ತ. ಕೊನೆಗೆ ರಿಕಾಪು ತೆಗೆದ ಜೀನು, ನಂತರ ರಿಕಾಪುಗಳು. ಪ್ರತಿ ಹಂತದಲ್ಲೂ ನಿಂತು ಅಲ್ಲ, ನಡೆದು ಕಲಿಯಬೇಕು. ಜಾಗ ಸಮತಟ್ಟಾದ ಮಣ್ಣಿನದಾಗಿರಲಿ. ಕಾಫಿ ಒಣಗಿಸುವ ಸಿಮೆಂಟು ಕಣ ಸುತ್ತುಗಟ್ಟಿ ಅಚ್ಚುಕಟ್ಟಾಗಿದೆ ಎಂದು ಅಲ್ಲಿ ಕುದುರೆ ಓಡಿಸುವವರಿದ್ದಾರೆ. ಲಾಳ ಕಟ್ಟಿದ ಕಾಲು ಅಲ್ಲಿ ಜಾರಿದರೆ ಸೊಂಟವೇ ಹೋಗುತ್ತದೆ. ಉದ್ದ ಹಗ್ಗದಲ್ಲಿ ಸುತ್ತು ಹೊಡೆಸುವುದಾದರೆ ಹದಿನೆಂಟು, ಇಪ್ಪತ್ತು ಮೀಟರ್ ಅಗಲದ ವೃತ್ತ, ಹತ್ತು ನಿಮಿಷ ಮೀರದಂತೆ. ಅದಕ್ಕಿಂತ ತೋಟದ ರಸ್ತೆಯಲ್ಲಿ ಕೈಹಿಡಿದು ನಡೆಸುವುದು ಎಷ್ಟೋ ಮೇಲು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ, ಜೀಪು, ಚೀಲ ಹೊತ್ತು ಬರುವ ಆಳುಗಳು, ಎಲ್ಲವನ್ನೂ ನೆಲದ ಮೇಲೆ ನಿಮ್ಮ ಪಕ್ಕದಲ್ಲಿ ನಿಂತು ನೋಡಲಿ. ನಿಮ್ಮ ಭಾಗದಲ್ಲಿ ಆನೆ ಓಡಿಸಲು ಪಟಾಕಿ ಸಿಡಿಸುವುದಿದ್ದರೆ ಅಂಥ ದಿನ, ಅದರ ಮರುದಿನ ಹೊಸ ಪಾಠ ಬೇಡ. ಚಿಕ್ಕಚಿಕ್ಕ ಭಯಗಳು ಕುದುರೆಯೊಳಗೆ ಒಂದರ ಮೇಲೊಂದು ಸೇರುತ್ತವೆ. ಬೆಳಿಗ್ಗೆ ಪಟಾಕಿಯನ್ನು ಸಹಿಸಿದ ಕುದುರೆ ಸಂಜೆ ಹೊಟ್ಟೆಪಟ್ಟಿಗೆ ಸಿಡಿದೇಳಬಹುದು.

ಬೆನ್ನೇರುವುದು ಯಾವಾಗ? ನವೆಂಬರ್‌ನಿಂದ ಹಣ್ಣು ಕುಯ್ಲು, ದೀಪಾವಳಿಯ ಗದ್ದಲ, ಆಳುಕಾಳುಗಳ ಓಡಾಟ. ನಾನಾದರೆ ಮುಂದಿನ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ, ಕಳೆಯುವವರೆಗೆ ಕಾಯುತ್ತೇನೆ. ಅಷ್ಟರಲ್ಲಿ ಗೌರಿಗೆ ನಾಲ್ಕು ತುಂಬುತ್ತಾ ಬಂದಿರುತ್ತದೆ. ಮೊದಲ ದಿನ ಕೂರುವುದೇ ಬೇಡ. ಗಟ್ಟಿ ಮಣೆಯ ಮೇಲೆ ನಿಂತು ಅದರ ಬೆನ್ನಿಗಿಂತ ಎತ್ತರದಲ್ಲಿ ಕಾಣಿಸಿಕೊಳ್ಳಬೇಕು, ಆಮೇಲೆ ಅದರ ಬೆನ್ನ ಮೇಲೆ ಅಡ್ಡಲಾಗಿ ಹೊಟ್ಟೆಯೂರಿ ಒರಗಿ ಭಾರ ಬಿಡಬೇಕು, ಇಳಿಯಬೇಕು. ಒಬ್ಬರು ತಲೆಯ ಬಳಿ ಸಡಿಲ ಹಗ್ಗ ಹಿಡಿದಿರಬೇಕು. ಒರಗಿದ ಭಾರದೊಡನೆ ಒಂದು ಹೆಜ್ಜೆ ಮೆತ್ತಗೆ ಇಡುತ್ತದೆಯೇ ಎಂಬುದು ನನ್ನ ಪರೀಕ್ಷೆ. ಇಟ್ಟರೆ ಕಾಲು ದಾಟಿಸಿ ಕೂರಬಹುದು, ಮರಗಟ್ಟಿದರೆ ಇಳಿದು ಹಿಂದಿನ ಪಾಠಕ್ಕೆ ಹೋಗಬೇಕು. ಹೆಲ್ಮೆಟ್, ಹಿಮ್ಮಡಿಯಿರುವ ಬೂಟು ಕಡ್ಡಾಯ. ಒಬ್ಬರೇ ಇರುವಾಗ, ಮೊಬೈಲ್ ಸಿಗ್ನಲ್ ಸಿಗದ ಜಾಗದಲ್ಲಿ ಇದನ್ನು ಮಾಡಲೇಬಾರದು.

ಇದನ್ನೆಲ್ಲ ನೀವೇ ಮಾಡಬೇಕೆಂದೇನೂ ಇಲ್ಲ. ನೆಲದ ಮೇಲಿನ ಕೆಲಸ ನಿಮ್ಮಿಂದ, ಬೆನ್ನೇರುವ ಕೆಲಸ ನುರಿತವರಿಂದ ಎಂದು ಹಂಚಿಕೊಳ್ಳುವುದು ನನಗೆ ಎಲ್ಲಕ್ಕಿಂತ ಸರಿ ಕಾಣುತ್ತದೆ. ಇದರ ತೊಂದರೆಯೆಂದರೆ ಕಾಲ ಮತ್ತು ಖರ್ಚು. ಬೇಸರದಿಂದ ಮಧ್ಯದಲ್ಲಿ ಹಂತ ಹಾರಿದರೆ ಎರಡನೇ ಸಲ ಬೀಳುವುದು ಖಂಡಿತ, ಅದನ್ನು ತಿದ್ದುವುದು ಮೊದಲಿನದಕ್ಕಿಂತ ಬಹಳ ಕಷ್ಟ. ಬೆಂಗಳೂರು, ಮೈಸೂರಿನ ತರಬೇತಿದಾರರ ಬಳಿ ಬಿಡುವುದು ಇನ್ನೊಂದು ದಾರಿ. ಲಾರಿ ಪ್ರಯಾಣ, ಹೊಸ ಜಾಗ, ಹೊಸ ಜನ, ಇವು ಸೂಕ್ಷ್ಮ ಕುದುರೆಗೆ ಸಣ್ಣ ವಿಷಯವಲ್ಲ. ‘ಒಂದು ತಿಂಗಳಲ್ಲಿ ಸವಾರಿಗೆ ಸಿದ್ಧ’ ಎನ್ನುವವರ ಬಳಿ ಬಿಡಬೇಡಿ. ಅವರು ಬೇರೊಂದು ಎಳೆ ಕುದುರೆಗೆ ಜೀನು ಹಾಕುವುದನ್ನು ನಿಂತು ನೋಡಿ, ಕಟ್ಟಿ ಹಾಕುತ್ತಾರೋ ಬಿಟ್ಟು ಹಾಕುತ್ತಾರೋ ಗಮನಿಸಿ ತೀರ್ಮಾನಿಸಿ. ಸವಾರಿಯ ಆಸೆಯನ್ನೇ ಬಿಟ್ಟು ಜೊತೆಗಾರ ಪ್ರಾಣಿಯಾಗಿ ಸಾಕುವುದೂ ಮರ್ಯಾದೆಯ ದಾರಿಯೇ. ಆಗಲೂ ಗೊರಸು ಎತ್ತಲು, ಲಾರಿ ಹತ್ತಲು, ಸೂಜಿ ಚುಚ್ಚಿಸಿಕೊಳ್ಳಲು ಕಲಿಸಲೇಬೇಕು. ಮಾರುವುದೇ ಆದರೆ ಏಪ್ರಿಲ್‌ನಲ್ಲಿ ನಡೆದದ್ದನ್ನು ಕೊಳ್ಳುವವರಿಗೆ ಪೂರ್ತಿ ಹೇಳಿ. ಮುಚ್ಚಿಟ್ಟರೆ ಮುಂದಿನ ಮನೆಯ ಹುಡುಗ ಬೀಳುತ್ತಾನೆ, ಗೌರಿ ಕೈಯಿಂದ ಕೈಗೆ ಇಳಿಯುತ್ತ ಹೋಗುತ್ತದೆ.

ಮಗನಿಗೆ ‘ಬೇಡ’ ಎಂದಷ್ಟೇ ಹೇಳಿ ಕೂರಿಸಬೇಡಿ. ಗಾದಿಯ ಕೆಲಸವನ್ನು ಅವನಿಗೇ ಒಪ್ಪಿಸಿ, ಮೊದಲ ಕೆಲವು ದಿನ ನೀವು ಜೊತೆಗಿರಿ. ಈ ವರ್ಷ ಅವನು ಪಳಗಿದ, ವಯಸ್ಸಾದ ಕುದುರೆಯ ಮೇಲೆ ಯಾವುದಾದರೂ ಸವಾರಿ ಶಾಲೆಯಲ್ಲಿ ಕಲಿಯಲಿ. ಸವಾರಿ ಗೊತ್ತಿಲ್ಲದ ಹುಡುಗ ಮತ್ತು ಸವಾರ ಗೊತ್ತಿಲ್ಲದ ಕುದುರೆ ಒಂದೇ ಅಂಗಳದಲ್ಲಿ ಒಟ್ಟಿಗೆ ಕಲಿಯಲಾಗದು. ಗೌರಿಗೆ ಬೆನ್ನು ಬಲಿತು, ನಿಮ್ಮ ಟೇಪಿನ ಲೆಕ್ಕದಲ್ಲಿ ತೂಕವೂ ಹೊಂದಿದ ಮೇಲೆ ಅವನು ಹತ್ತಬಹುದು. ಈಗ ಒಂದು ಪುಸ್ತಕ ತೆಗೆದು ದಿನವೂ ಮೂರು ಅಂಕಿ ಬರೆಯಲಿ: ಕೆಲಸಕ್ಕೆ ಮುಂಚಿನ ಬಡಿತ, ಗಾದಿ ಎದುರಿದ್ದಾಗಿನ ಬಡಿತ, ಗಾದಿ ತೆಗೆದ ಮೇಲೆ ಮೊದಲಿನ ಮಟ್ಟಕ್ಕೆ ಇಳಿಯಲು ಹಿಡಿದ ನಿಮಿಷಗಳು. ಮಳೆಗಾಲ ಮುಗಿದ ಮೇಲೆ ಆ ಪುಟಗಳ ಜೊತೆಗೆ, ಗೌರಿ ನಿಂತಿರುವ ಭಂಗಿಯನ್ನು ಎರಡೂ ಬದಿಯಿಂದ ತೆಗೆದ ಚಿತ್ರಗಳನ್ನೂ ಕಳುಹಿಸಿ. ಜೀನಿನ ಅಳತೆಯನ್ನು ಆಗ ನೋಡೋಣ.